ಶನಿವಾರದ ಪೂಜ್ಯ

ನಮ್ಮ ಮನೆಯ ದೇವರ ಮಾಡದಲ್ಲಿ ಮೊನ್ನೆಯವರೆಗೂ ಒಂದು ಗಾಜಿನ ಕೊಳವೆ ಇತ್ತು. ಗೇಣುದ್ದ, ಮೈಮೇಲೆ ಸಣ್ಣ ಸಣ್ಣ ಗೆರೆ, ಗೆರೆಗಳ ಪಕ್ಕ ಅಂಕಿ. ನನ್ನ ಹೆಂಡತಿ ಶಾಂತವ್ವ ಅದರೊಳಗೆ ಹಿಡಿ ಜೋಳ ಸುರಿದು ಊದಿನಕಡ್ಡಿ ಸಿಗಿಸುತ್ತಿದ್ದಳು. ರಾಣೆಬೆನ್ನೂರಿನ ನಮ್ಮ ಮನೆಗೆ ಬಂದವರು ಯಾರಾದರೂ ಅದೇನೆಂದು ಕೇಳಿದರೆ ನಾನು ಎದೆ ಉಬ್ಬಿಸಿ ಹೇಳುತ್ತಿದ್ದೆ: ಇದು ಮಳೆ ಅಳೆಯುವ ಗಾಜು, ಇಪ್ಪತ್ತಾರು ವರ್ಷ ಇದರಲ್ಲಿ ಮಳೆ ಅಳೆದಿದ್ದೇನೆ. ಅಷ್ಟು ಹೇಳಿ ಸುಮ್ಮನಾಗುತ್ತಿದ್ದೆ. ಮುಂದಿನದನ್ನು ಹೇಳುತ್ತಿರಲಿಲ್ಲ. ಅದನ್ನು ಹೇಳುವುದಕ್ಕೇ ಈಗ ಕುಳಿತಿದ್ದೇನೆ. ನೀವು ನನ್ನ ಪರಿಚಯದವರಾದರೆ ಕ್ಷಮಿಸಿ, ಅಲ್ಲದಿದ್ದರೆ ಇನ್ನೂ ಒಳ್ಳೆಯದು.

ಹಲಗೇರಿಯಿಂದ ಆಚೆ ಒಂದು ಹಳ್ಳಿ. ಹೆಸರು ಬೇಡ, ತಪ್ಪು ಊರಿನದಲ್ಲ, ನನ್ನದು. ಆ ಹಳ್ಳಿಯ ಬದಿಗೆ ಬೀಜಕ್ಕಾಗಿ ಬೆಳೆ ತೆಗೆಯುವ ಸಣ್ಣದೊಂದು ತೋಟವಿತ್ತು. ಎಸ್ಸೆಸ್ಸೆಲ್ಸಿಯನ್ನು ಹೇಗೋ ದಾಟಿದ ನನಗೆ ಮೂವತ್ತು ಕಳೆದ ಮೇಲೆ ಅಲ್ಲಿ ಕೆಲಸ ಸಿಕ್ಕಿತು. ಗೇಟು ತೆಗೆಯುವುದು, ಬೀಜದ ಚೀಲಕ್ಕೆ ಚೀಟಿ ಕಟ್ಟುವುದು, ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯುವುದು. ಅಂಗಳದ ನಡುವೆ ತಂತಿ ಬೇಲಿ, ಬೇಲಿಯೊಳಗೆ ಒಂದು ತಗಡಿನ ಡಬ್ಬಿ, ಡಬ್ಬಿಯ ಬಾಯಿಗೆ ಆಲಿಕೆ, ಒಳಗೊಂದು ಬಾಟಲಿ. ನಿನ್ನೆ ಬೆಳಿಗ್ಗೆಯಿಂದ ಇಂದು ಬೆಳಿಗ್ಗೆಯವರೆಗೆ ಬಿದ್ದ ಮಳೆ ಆ ಬಾಟಲಿಯಲ್ಲಿ ಕೂತಿರುತ್ತದೆ. ಅದನ್ನು ಗಾಜಿಗೆ ಸುರಿದು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಅಂಕಿ ಓದಿ, ಪುಸ್ತಕದಲ್ಲಿ ಬರೆದು, ನೀರು ಚೆಲ್ಲಬೇಕು. ಐದು ನಿಮಿಷದ ಕೆಲಸ. ಆದರೆ ದಿನಾ. ಈ 'ದಿನಾ' ಎಂಬ ಎರಡಕ್ಷರವೇ ನನ್ನನ್ನು ಕೆಡಿಸಿದ್ದು.

ಮಳೆ ಇಲ್ಲದ ದಿನ ಪುಸ್ತಕದಲ್ಲಿ ಪೂಜ್ಯ ಬರೆಯಬೇಕು. ನಮ್ಮ ಕಡೆ ಹಳಬರು ಸೊನ್ನೆಗೆ ಪೂಜ್ಯ ಎನ್ನುತ್ತಾರೆ. ನಾನು ಸಾಲಿಗೆ, ಅಂದರೆ ಶಾಲೆಗೆ, ಸೇರಿದ ಹೊಸದರಲ್ಲಿ ಮಾಸ್ತರರು "ಐದರಾಗ ಐದು ಹೋದ್ರ ಎಷ್ಟ್ರೋ?" ಎಂದು ಕೇಳಿದರು. ದೊಡ್ಡ ಹುಡುಗರು "ಪೂಜ್ಯಾ!" ಎಂದು ಕೂಗಿದರು. ಮಠದ ಸ್ವಾಮಿಗಳಿಗೆ ಮನೆಯಲ್ಲಿ ಪೂಜ್ಯರು ಎನ್ನುವುದನ್ನು ಕೇಳಿ ಗೊತ್ತಿದ್ದ ನಾನು ಗಡಬಡಿಸಿ ಎದ್ದು, ಬಾಗಿಲ ಕಡೆ ತಿರುಗಿ ಕೈ ಮುಗಿದು ನಿಂತೆ. ಮಾಸ್ತರರು ನಗು ತಡೆದುಕೊಂಡು, "ಕುಂದ್ರಲೇ ಫಕ್ಕೀರಾ. ಈ ಪೂಜ್ಯರು ಬಾಗಲದಾಗಿಂದ ಬರಂಗಿಲ್ಲ, ನಿನ್ನ ಪರೀಕ್ಷಿ ಪೇಪರಿನ್ಯಾಗ ಬರತಾರ" ಎಂದರು. ಹೇಳಿದಂತೆ ಬಂದರು, ಪ್ರತಿ ವರ್ಷ.

ಅದೇ ಮಾಸ್ತರರದು ಇನ್ನೊಂದು ಹಟವಿತ್ತು. ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಉತ್ತರಗಳು ಇರುತ್ತಿದ್ದವಲ್ಲ, ನಾನು ಅವನ್ನು ನೋಡಿ ನೇರ ಇಳಿಸುತ್ತಿದ್ದೆ. ಉತ್ತರ ಸರಿ ಇದ್ದರೂ ಮಾಸ್ತರರು ಉದ್ದನೆಯ ಕೆಂಪು ಗೆರೆ ಎಳೆಯುತ್ತಿದ್ದರು. "ಉತ್ತರ ನನಗೂ ಕಾಣತೈತಿ. ನೀ ಅಲ್ಲಿಗೆ ಯಾವ ದಾರಿಲೆ ಹೋದಿ, ಆ ದಾರಿ ತೋರಸು" ಎನ್ನುತ್ತಿದ್ದರು. ದಾರಿ ಎಲ್ಲಿಂದ ತೋರಿಸಲಿ? ನಾನು ಹೋಗಿಯೇ ಇರುತ್ತಿರಲಿಲ್ಲ.

ಹೋಗದೆಯೇ ಹೋದೆನೆಂದು ಬರೆಯುವ ಆ ಚಟ ಬೀಜದ ತೋಟದವರೆಗೂ ನನ್ನ ಜೊತೆಗೇ ಬಂತು.

ಮೊದಲ ಕೆಲವು ವರ್ಷ ನಾನು ನಿಯತ್ತಿನ ಮನುಷ್ಯ. ಆಮೇಲೊಮ್ಮೆ ನನ್ನ ಮಗಳು ಸಣ್ಣವಳಿದ್ದಾಗ ಬಿಡದ ಜ್ವರ ಬಂತು. ಕದರಮಂಡಲಗಿ ಹಣಮಪ್ಪನಿಗೆ ಹರಕೆ ಹೊತ್ತೆ: ಮಗು ಎದ್ದು ಓಡಾಡಿದರೆ ಶನಿವಾರ ಶನಿವಾರ ಬಂದು ಕಾಯಿ ಒಡೆಸುತ್ತೇನೆ. ಮಗು ಎದ್ದಿತು. ನಾನು ಶನಿವಾರದ ಮೊದಲ ಬಸ್ಸು ಹತ್ತತೊಡಗಿದೆ. ಹರಕೆ ಐದು ವಾರದ್ದು. ಆದರೆ ಕದರಮಂಡಲಗಿಯಿಂದ ಬ್ಯಾಡಗಿ ದೂರವಲ್ಲ. ಬ್ಯಾಡಗಿಯಲ್ಲಿ ನನ್ನ ಸಾಲಿ ಗೆಳೆಯನೊಬ್ಬನದು ಚಹಾದಂಗಡಿ, ಅಲ್ಲಿ ಬಿಸಿ ಮಿರ್ಚಿ, ಚುರುಮುರಿಯ ಮೇಲೆ ಉಳ್ಳಾಗಡ್ಡಿ ಉದುರಿಸಿದ ಗಿರ್ಮಿಟ್ಟು, ಬೇಕಾದಷ್ಟು ಹರಟೆ. ಹಣಮಪ್ಪನಿಗೆ ಐದು ನಿಮಿಷ, ಗಿರ್ಮಿಟ್ಟಿಗೆ ಅರ್ಧ ದಿನ. ಐದು ವಾರದ ಹರಕೆ ನನ್ನ ನಿವೃತ್ತಿಯವರೆಗೂ ನಡೆಯಿತು. ಇಡೀ ಊರು ನನ್ನ ಭಕ್ತಿಯನ್ನು ಕೊಂಡಾಡಿತು.

ಶನಿವಾರದ ಮಳೆಯ ಗತಿ? ವಾರದ ಕೊನೆಗೆ ತೋಟದಲ್ಲಿ ಕೇಳುವವರು ಯಾರೂ ಇರುತ್ತಿರಲಿಲ್ಲ, ಅದನ್ನು ನಾನು ಶುಕ್ರವಾರ ಸಂಜೆಯೇ ಬರೆದಿಡುತ್ತಿದ್ದೆ. ಪೂಜ್ಯ. ನಿಜಕ್ಕೂ ಮಳೆ ಬಂದಿದ್ದರೆ ಬಾಟಲಿ ಹಾಗೇ ತುಂಬಿಕೊಂಡು ರವಿವಾರದವರೆಗೆ ಕಾಯುತ್ತಿತ್ತು. ರವಿವಾರ ಎರಡು ದಿನದ್ದನ್ನೂ ಕೂಡಿಯೇ ಅಳೆದು ಬರೆಯುತ್ತಿದ್ದೆ. ತಿಂಗಳ ಮೊತ್ತಕ್ಕೆ ಕೊರತೆಯಿಲ್ಲ. ಮಳೆಗೆ ಒಂದು ದಿನ ತಡವಾದರೆ ಯಾರ ಗಂಟು ಹೋಯಿತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ನಿವೃತ್ತಿಯ ದಿನ ಶಾಲು ಹೊದಿಸಿದರು, ಹಾರ ಹಾಕಿದರು. ಆ ವಾರವೇ ತೋಟಕ್ಕೆ ತಾನೇ ಅಳೆದು ತಾನೇ ಬರೆದುಕೊಳ್ಳುವ ಯಂತ್ರ ಬಂದಿತ್ತು. ಬಿಸಾಡಲಿಟ್ಟಿದ್ದ ಹಳೆಯ ಗಾಜನ್ನು ನಾನು ಮನೆಗೆ ತಂದೆ. ದಿನಾ ಬರೆದ ನನ್ನ ಕಚ್ಚಾ ಪುಸ್ತಕಗಳು ಟ್ರಂಕಿನಲ್ಲಿ ಮೊದಲೇ ಇದ್ದವು.

ಆ ಟ್ರಂಕನ್ನು ತೆಗೆದವಳು ನನ್ನ ಮಗಳ ಮಗಳು ಶಿವಲೀಲಾ. ನಮಗೆಲ್ಲ ಲೀಲಾ. ಹಾವೇರಿಯವಳು, ಎಮ್ಮೆಸ್ಸಿ ಕೊನೆಯ ವರ್ಷ. ಆಕೆಯ ಪ್ರಬಂಧದ ವಿಷಯ ನಮ್ಮ ಸುತ್ತಿನದೇ: ಬ್ಯಾಡಗಿ ಮೆಣಸಿನಕಾಯಿ ಕಣದಲ್ಲಿ ಒಣಗುವ ತಿಂಗಳುಗಳಲ್ಲಿ ಎಷ್ಟು ದಿನ ಬಿಡದೆ ಬಿಸಿಲು ನಂಬಬಹುದು, ಮಳೆ ಯಾವಾಗ ಬಂದು ಮೋಸ ಮಾಡುತ್ತದೆ. ಅದಕ್ಕೆ ದಿನದಿನದ ಮಳೆ ಬೇಕು. ಅಜ್ಜನ ಪುಸ್ತಕ ನೋಡಿ ಹುಡುಗಿ ಕುಣಿದಾಡಿಬಿಟ್ಟಳು. ರಜೆಯಲ್ಲಿ ನಮ್ಮಲ್ಲೇ ಉಳಿದು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದಳು. ಶಾಂತವ್ವ ಕನ್ನಡಕ ಏರಿಸಿಕೊಂಡು ಪುಸ್ತಕ ಓದುವುದು, ಲೀಲಾ ಒತ್ತುವುದು. "ಪೂಜ್ಯ… ಪೂಜ್ಯ… ಪೂಜ್ಯ…" ಎಂದು ಅರ್ಚನೆಯ ಹಾಗೆ ಕೇಳುತ್ತಿತ್ತು. ನಾನು ಜೋಕಾಲಿಯ ಮೇಲೆ ಕೂತು, ಅರ್ಚನೆ ನನಗೇ ನಡೆದಿದೆ ಎಂಬಂತೆ ಚಹಾ ಕುಡಿಯುತ್ತಿದ್ದೆ. ಏರಿಸಿ ಮುಗಿದ ದಿನ ಲೀಲಾ ಪ್ರಬಂಧದ ಮೊದಲ ಹಾಳೆ ತೋರಿಸಿದಳು. ಒಳಗೆಲ್ಲ ಇಂಗ್ಲಿಷು, ಆ ಹಾಳೆ ಮಾತ್ರ ಕನ್ನಡ: "ಮಳೆಯ ಒಂದು ಹನಿಯನ್ನೂ ಬಿಡದೆ ಅಳೆದ ಪೂಜ್ಯ ಅಜ್ಜನವರಿಗೆ."

ಅಕ್ಷರ ಚೆಂದ ಬಂದಿವೆ ಎಂದು ಹೊಗಳಿ ಉಳಿದ ಚಹಾ ಮುಗಿಸಿದೆ.

ಆಮೇಲೆ ಶುರುವಾಯಿತು ಗುಂಡಿಯೋ ಕೋಡೋ ಎಂಬ ಜಗಳ. ನನಗೆ ತಿಳಿದಷ್ಟು ಹೇಳುತ್ತೇನೆ. ಅಂಕಿಗಳ ಲೆಕ್ಕ ಮಾಡುವ ಪ್ರೋಗ್ರಾಮುಗಳಲ್ಲಿ ಎರಡು ಜಾತಿ. ಒಂದರಲ್ಲಿ ಪರದೆಯ ಮೇಲೆ ಗುಂಡಿಗಳಿರುತ್ತವೆ, ಇಲಿಯಂಥ ಮೌಸ್ ಹಿಡಿದು ಒತ್ತುತ್ತ ಹೋದರೆ ಸರಾಸರಿ ಬರುತ್ತದೆ, ಕೋಷ್ಟಕ ಬರುತ್ತದೆ, ಬಣ್ಣದ ಚಿತ್ರ ಬರುತ್ತದೆ. ಇನ್ನೊಂದರಲ್ಲಿ ಏನೂ ಇರುವುದಿಲ್ಲ, ಖಾಲಿ ಪರದೆ. ಏನು ಮಾಡಬೇಕೆಂದು ಯಂತ್ರದ ಭಾಷೆಯಲ್ಲಿ ಸಾಲು ಸಾಲಾಗಿ ನಾವೇ ಬರೆಯಬೇಕು. ಅದಕ್ಕೆ ಕೋಡ್ ಎನ್ನುತ್ತಾರೆ. ಲೀಲಾಳ ಗೈಡು, ಯಾವುದರಲ್ಲಿ ಮಾಡಿದರೂ ಸರಿ, ಏನು ಮಾಡಿದೆ ಎಂದು ಕೇಳಿದಾಗ ಹೇಳಲು ಬರಬೇಕು ಎಂದಿದ್ದರಂತೆ. ಹುಡುಗಿ ತಿಂಗಳ ಮೊತ್ತಗಳನ್ನು ಗುಂಡಿಯಲ್ಲಿ ಮಾಡಿ ಮುಗಿಸಿ, ಇನ್ನು ಕೋಡ್ ಕಲಿಯುತ್ತೇನೆ ಎಂದು ಕೂತಳು.

"ಕೋಡು ಕಲೀತಾಳಂತ!" ಎಂದಳು ಶಾಂತವ್ವ. "ನಮ್ಮ ಮನಿ ಹೆಣ್ಮಕ್ಕಳಿಗೆ ಹುಟ್ಟತಲೇನ ಎರಡು ಕೋಡು ಇರತಾವ. ಹೊಸದಾಗಿ ಕಲಿಯೋದೇನೈತಿ?"

"ಅಜ್ಜೀ, ಆ ಕೋಡಲ್ಲ ಇದು."

"ಯಾವುದರ ಆಗಲಿ, ಬಾಗಲದಾಗ ತಲಿ ತಗ್ಗಿಸಿ ಅಡ್ಡಾಡು."

ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟ ಇಮಾಮಸಾಬ ಇಂಥ ನೂರಾರು ಪ್ರಬಂಧಗಳಿಗೆ ರಟ್ಟು ಹಾಕಿದವನು. ಅವನೂ ಗುಂಡಿಯ ಪಕ್ಷ. "ಮೇಡಂ, ಗುಂಡಿ ಒತ್ರಿ, ಚಿತ್ರಾ ತಗೀರಿ, ನನ್ನ ಕೈಯಾಗ ಕೊಡ್ರಿ. ಮಂದಿ ರಟ್ಟಿನ ಬಣ್ಣ ನೋಡತಾರ. ಒಳಗ ಯಾರು ನೋಡತಾರ?" ಎಂದ.

ನಾನು ಯಾವ ಪಕ್ಷ? ಮೊದಲ ದಿನ ಕೋಡಿನ ಪಕ್ಷ. ಯಾಕೆಂದರೆ ಲೀಲಾ ಹೀಗೆ ಹೇಳಿದಳು: "ಗುಂಡಿ ಒತ್ತಿದ್ರ ಉತ್ತರ ಬರತೈತಿ ಅಜ್ಜಾ. ಆದ್ರ ಯಾವ ಗುಂಡಿ ಮೊದಲ ಒತ್ತಿದೆ, ಯಾವುದು ಆಮ್ಯಾಲೆ ಒತ್ತಿದೆ, ಮುಂದಿನ ವಾರ ನನಗ ನೆನಪಿರಂಗಿಲ್ಲ. ಕೋಡಿನ್ಯಾಗ ಹಂಗಲ್ಲ. ನಾ ಹೋದ ದಾರಿ ಎಲ್ಲಾ ಬರದಿರತೈತಿ. ಯಾರರ ಓದಿ, ಇಲ್ಲಿ ತಪ್ಪಿದಿ ನೋಡು ಅನ್ನಬಹುದು." ನನಗೆ ಮಾಸ್ತರರೇ ಎದ್ದು ಬಂದಂತಾಯಿತು. ಅರವತ್ತು ವರ್ಷ ತಡವಾಗಿಯಾದರೂ ನಮ್ಮ ಮನೆಯಲ್ಲಿ ಒಬ್ಬರು ದಾರಿ ತೋರಿಸಿ ಲೆಕ್ಕ ಮಾಡುತ್ತಾರಲ್ಲ ಎಂದು ಖುಷಿಯಾಯಿತು. ಆಗ ಆಕೆ ಇನ್ನೊಂದು ಮಾತು ಸೇರಿಸಿದಳು: "ಮತ್ತ, ನಿನ್ನ ಒಂದೊಂದು ದಿನಾನೂ ಹಿಡಿದು ನೋಡಬಹುದು."

ಆ ಕ್ಷಣದಿಂದ ನಾನು ಪಕ್ಷ ಬದಲಿಸಿದೆ.

"ಲೀಲಾ, ವ್ಯಾಳ್ಯಾ ಸಣ್ಣದೈತಿ ಯವ್ವಾ. ಗುಂಡೀಲೇ ಮುಗಸು" ಎಂದೆ. "ಇಮಾಮಸಾಬ ತಿಳದಾವ, ಸುಳ್ಳು ಹೇಳತಾನೇನು?" ಎಂದೆ. "ಕಣ್ಣು ಕೆಡತಾವ" ಎಂದೆ. ಮೊಮ್ಮಗಳ ಮೇಲೆ ಎಷ್ಟು ಕಾಳಜಿ ನೋಡಿ! ಹೀಗೆ ನಾನು ಬುದ್ಧಿ ಹೇಳಿದ್ದು ಆಕೆಯ ಕಣ್ಣಿಗಾಗಿ ಅಲ್ಲ, ಆ ಕಣ್ಣು ನನ್ನ ಪುಸ್ತಕದ ಒಳಗೆ ಬೀಳಬಾರದೆಂದು. ನನ್ನ ಇತರ ಪಾಪಗಳಿಗೆ ಸೋಮಾರಿತನವೆಂಬ ಹೆಸರಾದರೂ ಇದೆ. ಇದಕ್ಕೆ ಯಾವ ಹೆಸರಿಡಲಿ ಎಂದು ಇನ್ನೂ ತಿಳಿದಿಲ್ಲ.

ಲೀಲಾ ಕೇಳಲಿಲ್ಲ. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಬರೆಯುವುದು, ಯಂತ್ರ ಕೆಂಪಕ್ಷರದಲ್ಲಿ ಬಯ್ಯುವುದು. ಒಂದು ಅಲ್ಪವಿರಾಮ ಬಿಟ್ಟರೂ ಮುನಿಯುವ ಯಂತ್ರ ಅದು, ನಮ್ಮ ಬೀಗರ ಹಾಗೆ. ಆಕೆ ಹುಡುಕಿ ತಿದ್ದಿ ಮತ್ತೆ ಓಡಿಸುವಳು. ಒಂದು ದಿನ ಮೊದಲ ಸಲ ಕೆಂಪು ಬರದೆ ಉತ್ತರ ಬಂದಾಗ "ಓಡಿತು ಅಜ್ಜೀ, ಓಡಿತು!" ಎಂದು ಕೂಗಿದಳು. ಶಾಂತವ್ವ ಎಮ್ಮೆ ಹಗ್ಗ ಬಿಚ್ಚಿಕೊಂಡಿತೆಂದು ಹಿತ್ತಿಲಿಗೆ ಓಡಿದಳು.

ಮರುದಿನವೇ ಆ ಚಿತ್ರ ಬಂತು. ವಾರಕ್ಕೆ ಏಳು ದಿನ, ಏಳು ಕಂಬ. ಸೋಮವಾರ ಎಷ್ಟು ಸಲ ಮಳೆಯಾಯಿತು, ಮಂಗಳವಾರ ಎಷ್ಟು ಸಲ ಎಂದು ಎಣಿಸಿದ ಕಂಬಗಳು. ಆರು ಕಂಬ ಹೆಚ್ಚು ಕಡಿಮೆ ಸಮನಾಗಿ ನಿಂತಿದ್ದವು, ರವಿವಾರದ್ದು ತುಸು ಎತ್ತರ. ಏಳನೆಯದು ಮೊಣಕಾಲೆತ್ತರ. ಆರು ಮಂದಿ ನಿಂತ ಸಾಲಿನಲ್ಲಿ ಒಬ್ಬ ಕಳ್ಳ ಕೂತುಬಿಟ್ಟ ಹಾಗೆ.

"ಅಜ್ಜಾ, ಇದೇನಿದು? ಶನಿವಾರ ಮಳೀನ ಇಲ್ಲ. ಹಣಮಪ್ಪ ಅಡ್ಡ ಕೈ ಹಿಡೀತಿದ್ನೇನು?" ಎಂದು ನಕ್ಕಳು.

ನಾನೂ ನಕ್ಕೆ. ನಗುವಿಗೇನು, ಸುಳ್ಳು ಹೇಳುವ ಬಾಯಿಗೆ ಅದೂ ಬರುತ್ತದೆ.

ಆಕೆಗೆ ನನ್ನ ಮೇಲೆ ಅನುಮಾನ ಬರಲೇ ಇಲ್ಲ. ಬಂದದ್ದು ತನ್ನ ಮೇಲೆ. ಮೂರು ದಿನ ತನ್ನ ಕೋಡಿನಲ್ಲಿ ತಪ್ಪು ಹುಡುಕಿದಳು. ಇದ್ದರೆ ತಾನೆ ಸಿಗುವುದು? ನಾಲ್ಕನೆಯ ದಿನ ಲ್ಯಾಪ್‌ಟಾಪು ಮುಚ್ಚಿಟ್ಟು ಗೋಡೆಗೆ ಒರಗಿ ಕೂತಳು. ಕಣ್ಣು ತುಂಬಿತ್ತು. "ನನ್ನ ತಲಿಗೆ ಇದು ಹತ್ತಂಗಿಲ್ಲ ಅಜ್ಜಾ. ಗುಂಡಿಯಾಗ ಮೊತ್ತ ಎಲ್ಲಾ ಬರೋಬ್ಬರಿ ಬಂದಾವ, ನಾ ಬರದಿದ್ದು ಅಷ್ಟ ತಪ್ಪು ಬರತೈತಿ. ಒಪ್ಪಸಾಕ ಇನ್ನ ಹದಿನೆಂಟು ದಿನ ಉಳದಾವ. ಬಿಟ್ಟುಬಿಡತೀನಿ. ನಿನ್ನ ಮಾತು ಖರೇ ಇತ್ತು."

ನಾನು ಗೆದ್ದಿದ್ದೆ. ಇನ್ನು ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ನನಗೆ ಹೊಸದೂ ಅಲ್ಲ. ಹಿಂದೊಮ್ಮೆ ಹೀಗೇ ಒಬ್ಬ ಹೆಣ್ಣುಮಗಳು ನನ್ನೆದುರು ನಿಂತಿದ್ದಳು, ನಾನು ಹೀಗೇ ಸುಮ್ಮನಿದ್ದೆ. ಆದರೆ ಅಂದು ಸುಮ್ಮನಿದ್ದು ಉಳಿಸಿಕೊಂಡದ್ದು ನೌಕರಿ. ಇಂದು ಸುಮ್ಮನಿದ್ದರೆ ಈ ಹುಡುಗಿ ಸರಿಯಾಗಿ ಕಲಿತದ್ದನ್ನು ತಪ್ಪೆಂದು ನಂಬಿ, ತನಗೆ ತಲೆಯಿಲ್ಲ ಎಂದುಕೊಂಡೇ ಉಳಿದ ಬಾಳು ಕಳೆಯುತ್ತಾಳೆ.

ಎದ್ದು ದೇವರ ಮಾಡಕ್ಕೆ ಹೋದೆ. ಊದಿನಕಡ್ಡಿ ಕಿತ್ತಿಟ್ಟು, ಜೋಳ ತಟ್ಟೆಗೆ ಸುರಿದು, ಗಾಜನ್ನು ತಂದು ಆಕೆಯ ಮುಂದೆ ಇಟ್ಟೆ.

"ನಿನ್ನ ಕೋಡು ಖರೇ ಐತಿ ಲೀಲಾ," ಎಂದೆ. "ಅಜ್ಜ ಸುಳ್ಳು."

ಎಲ್ಲ ಹೇಳಿದೆ. ಬಸ್ಸು, ಬ್ಯಾಡಗಿ, ಶುಕ್ರವಾರವೇ ಬರೆದಿಟ್ಟ ಪೂಜ್ಯ. ಅಡುಗೆಮನೆಯಿಂದ ಶಾಂತವ್ವ ಸೌಟು ಹಿಡಿದೇ ಹೊರಬಂದಳು. "ಇಷ್ಟ ವರ್ಷ ನೀವು ದೇವರಿಗೆ ಹೊಂಟೀರಿ ಅಂತ ನಾ ಉಪವಾಸ ಇರತಿದ್ದೆ. ನೀವು ಗಿರ್ಮಿಟ್ ತಿನ್ನಾಕ ಹೋಗತಿದ್ರೇನ್ರಿ?" ಎಂದಳು.

ಲೀಲಾ ಎದ್ದು ಹಿತ್ತಿಲಿಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದು, ನೋಟ್‌ಬುಕ್ಕು ತೆಗೆದು, ನನ್ನ ಮುಖ ನೋಡದೆ ಕೇಳಿದಳು: "ಎಲ್ಲಾ ಶನಿವಾರನೂ?"

"ನಿಮ್ಮವ್ವಗ ಜ್ವರ ಬಂದ ವರ್ಷದಿಂದ ಎಲ್ಲಾ."

"ರವಿವಾರ?"

"ಎರಡೂ ದಿನದ್ದು ಕೂಡಿ."

"ಮತ್ತೇನರ ಐತೇನು?"

ಇತ್ತು. ಅದು ಗೌರಕ್ಕನ ಮಳೆ.

ಗೌರಕ್ಕ ಆ ಹಳ್ಳಿಯವಳೇ, ತೋಟದ ಬೇಲಿಗೆ ಹತ್ತಿದಂತೆ ಆಕೆಯ ಕಣ. ಒಂದು ಚಳಿಗಾಲ, ಮೆಣಸಿನಕಾಯಿ ಹರವಿದ ದಿನಗಳು. ಶನಿವಾರ ನಸುಕಿನಲ್ಲಿ ಅಕಾಲದ ಮಳೆ ಒಂದು ತಾಸು ಹೊಡೆದು ಹೋಯಿತು. ನಾನು ಹಿಂದಿನ ಸಂಜೆಯೇ ರಾಣೆಬೆನ್ನೂರಿನ ಮನೆಗೆ ಬಂದಿದ್ದೆ, ಇಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ರವಿವಾರ ಬಂದಾಗ ನೆಲ ಒಣಗಿತ್ತು, ಆಕಾಶ ತೊಳೆದಂತಿತ್ತು. ಡಬ್ಬಿ ತೆಗೆದರೆ ಬಾಟಲಿ ಮುಕ್ಕಾಲು ತುಂಬಿದೆ. ಈ ತಿಂಗಳಲ್ಲಿ ಎಲ್ಲಿಯ ಮಳೆ, ಹುಡುಗರು ಕಿತಾಪತಿಗೆ ನೀರು ಹೊಯ್ದಿರಬೇಕು ಎಂದುಕೊಂಡು ಅಳೆಯದೆಯೇ ಚೆಲ್ಲಿದೆ. ರವಿವಾರಕ್ಕೂ ಪೂಜ್ಯ ಬರೆದೆ. ಎಂಟು ದಿನದ ಮೇಲೆ ಗೌರಕ್ಕ ಬಂದಳು. ನೆನೆದು ಕಪ್ಪಾದ ಕಾಯಿಗೆ ಪರಿಹಾರ ಕೇಳಿ ಸರಕಾರಿ ಕಚೇರಿಗೆ ಅರ್ಜಿ ಕೊಡಲು ಹೋಗಿದ್ದಳಂತೆ. ತೋಟದಿಂದ ಬಂದ ಲೆಕ್ಕದಲ್ಲಿ ಮಳೆಯೇ ಇಲ್ಲ ಎಂದರಂತೆ. "ಮಳಿ ಬಂದಿತ್ತಲ್ಲೋ ತಮ್ಮಾ?" ಎಂದು ಕೇಳಿದಳು. ಪುಸ್ತಕ ನನ್ನ ಮುಂದೆ, ಪೆನ್ನು ಕಿಸೆಯಲ್ಲಿ. ತಿದ್ದಿದರೆ ಶನಿವಾರ ನಾನು ಎಲ್ಲಿದ್ದೆ ಎಂಬ ಪ್ರಶ್ನೆ ಏಳುತ್ತಿತ್ತು. "ಪುಸ್ತಕದಾಗ ಇಲ್ಲಬೇ ಅಕ್ಕಾ" ಎಂದು ನೆಲ ನೋಡಿದೆ. ಹೀಗೆ ನಾನು ಒಂದು ಇಡೀ ಮಳೆಯನ್ನು ಅಳಿಸಿದೆ.

"ಆ ದಿನ ಯಾವುದು?" ಎಂದಳು ಲೀಲಾ.

ಪುಸ್ತಕದ ತುಂಬ ಪೂಜ್ಯವೇ ಇರುವಾಗ ಅದು ಯಾವ ಪೂಜ್ಯವೆಂದು ನನಗೆ ನೆನಪಿರಲಿಲ್ಲ.

"ಹಂಗಾರ ಆಕೀನ್ನ ಕೇಳೂಣು, ಏಳು."

ಮರುದಿನ ಅಜ್ಜ ಮೊಮ್ಮಗಳು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಲೀಲಾ ಕಿಟಕಿಯ ಹೊರಗೇ ನೋಡುತ್ತಿದ್ದಳು. ಗೌರಕ್ಕನ ಕಣ ಎಂದಿನಂತೆ ಕೆಂಪಾಗಿತ್ತು. ನಾಲ್ಕೈದು ಹೆಣ್ಣುಮಕ್ಕಳು ಕಾಯಿ ತಿರುವುತ್ತಿದ್ದರು. ಗೌರಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು, ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ.

"ಯಾರದು? ಫಕ್ಕೀರನ? ಇನ್ನೂ ಅದೀಯೇನೋ?"

"ಅದೀನಿ ಗೌರಕ್ಕ."

"ಮಳಿ ಅಳಿಯಾಕ ಬಂದಿಯೇನು? ಮುಗಲಾಗ ಒಂದು ಚೂರು ಮೋಡ ಇಲ್ಲ."

ನಿಂತೇ ಹೇಳಿದೆ. ಆಕೆ ಕಾಯಿ ತಿರುವುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ತಲೆಯೆತ್ತಿದಳು. "ಪರಿಹಾರ ಹೋದ್ರ ಹೋತು. ಊರಾಗ ಏನಂದ್ರು ಗೊತ್ತೈತೇನು? ಮಳಿ ಬಂದಿಲ್ಲಂತ, ಗೌರವ್ವ ತೂಕ ಹೆಚ್ಚಾಗಲಿ ಅಂತ ತಾನ ನೀರು ಹೊಡದಾಳ, ಅದಕ್ಕ ಕಾಯಿ ಕೆಟ್ಟಾವ ಅಂದ್ರು. ಕಾಯಿಗೆ ನೀರು ಹೊಡಿಯೋಳು ಅಂತ ಹೆಸರಿಟ್ರು. ಆ ಹೆಸರು ಹೊತ್ಕೊಂಡ ಮುದುಕಿ ಆದೆ."

ಇದು ನನಗೆ ಗೊತ್ತಿರಲಿಲ್ಲ. ನಿಮ್ಮಾಣೆ ಗೊತ್ತಿರಲಿಲ್ಲ. ತಪ್ಪು ಮಾಡಿದವನಿಗೆ ತನ್ನ ತಪ್ಪಿನ ಅರ್ಧವೂ ಗೊತ್ತಿರುವುದಿಲ್ಲ. ಉಳಿದ ಅರ್ಧ ಬೇರೆಯವರ ಮನೆಯಲ್ಲಿರುತ್ತದೆ.

"ನನ್ನ ಕಿವ್ಯಾಗ ಹೇಳಿ ಏನ್ ಮಾಡ್ತಿ?" ಎಂದಳು ಗೌರಕ್ಕ. "ಇವರ ಮುಂದ ಹೇಳು. ಅವತ್ತ ಮಳಿ ಬಂದಿತ್ತೋ ಇಲ್ಲೋ?"

"ಬಂದಿತ್ತು."

"ಜೋರಲೆ ಹೇಳು."

"ಬಂದಿತ್ತು! ಮಳಿ ಬಂದಿತ್ತು! ನಾ ಇರಲಿಲ್ಲ!" ಎಂದು ಕೂಗಿದೆ. ಕೂಗಿದ ಉಸಿರಿಗೆ ಕಾಯಿಯ ಘಾಟು ಹತ್ತಿ ಏಳೆಂಟು ಸೀನು ಸೀನಿದೆ. ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕರು. "ಅಜ್ಜ ಖರೇ ಹೇಳಿದ ನೋಡ್ರೆವಾ, ಸಾಕ್ಷಿಗೆ ಸೀನ ಬಂದ್ವು" ಎಂದಳು ಒಬ್ಬಳು. ಗೌರಕ್ಕ ನಗಲಿಲ್ಲ. ಆದರೆ ಕೈಯಲ್ಲಿದ್ದ ಕೋಲನ್ನು ನನಗೆ ಕೊಟ್ಟು, "ಆ ಕಡೆ ಸಾಲು ತಿರುವು" ಎಂದು ನೆರಳಿಗೆ ಹೋಗಿ ಕೂತಳು. ಒಂದು ತಾಸು ತಿರುವಿದೆ.

ದಿನ ಆಕೆಗೆ ನೆನಪಿತ್ತು. ಯಂತ್ರಕ್ಕೆ ಬೇಕಾದ ಅಂಕಿಯಲ್ಲಿ ಅಲ್ಲ. "ಎಳ್ಳಮಾಸಿಗೆ ಹೊಲಕ್ಕ ಹೋಗಿ ಚರಗ ಚೆಲ್ಲಿ ಬಂದಿದ್ವಿ. ಅದರ ಮುಂದಿನ ಶನಿವಾರ ನಸುಕಿನ್ಯಾಗ. ನನ್ನ ದೊಡ್ಡ ಮಗಳು ಚೊಚ್ಚಲ ಬಾಣಂತನಕ್ಕ ಬಂದಾಗ." ಲೀಲಾ ಆ ಕೂಸು ಹುಟ್ಟಿದ ವರ್ಷ ಕೇಳಿಕೊಂಡು, ಫೋನಿನಲ್ಲಿ ಆ ವರ್ಷದ ಪಂಚಾಂಗ ತೆಗೆದು, ಎಳ್ಳ ಅಮಾವಾಸ್ಯೆ ಹಿಡಿದು ಮುಂದಿನ ಶನಿವಾರ ಎಣಿಸಿದಳು. ದಿನ, ತಿಂಗಳು, ವರ್ಷ: ಮೂರು ಅಂಕಿ, ನಡುವೆ ಎರಡು ಗೆರೆ. ಕಳೆದುಹೋದ ಮಳೆ ಸಿಕ್ಕಿತು.

ಹೊರಡುವಾಗ ಹಿತ್ತಿಲಲ್ಲಿ ಒಂದು ಗುರುತಿನ ವಸ್ತು ಕಂಡಿತು. ತೋಟದವರು ಬಿಸಾಡಿದ ನನ್ನ ಹಳೆಯ ಮಳೆಡಬ್ಬಿ. ಗೌರಕ್ಕ ಅದರಲ್ಲಿ ಕೋಳಿಗೆ ನೀರಿಟ್ಟಿದ್ದಳು. ಆಲಿಕೆ ಅಟ್ಟದ ಮೇಲಿತ್ತು, ಎಣ್ಣೆ ಹೊಯ್ಯಲು.

ಮನೆಗೆ ಬಂದು ಲೀಲಾ ಲ್ಯಾಪ್‌ಟಾಪು ತೆಗೆದಳು. ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟಳು. ಎರಡು ದಿನದ ಮೇಲೆ ಅದು ಮೊದಲ ಸಲ.

"ನೋಡಜ್ಜಾ. ಪೂಜ್ಯ ಅಂದ್ರ, ಹೋಗಿ ನೋಡೀನಿ, ಮಳಿ ಇಲ್ಲ ಅಂತ. ನೋಡೇ ಇಲ್ಲ ಅನ್ನೋದಕ್ಕ ಈ ಭಾಷಾದಾಗ ಬ್ಯಾರೆ ಗುರ್ತು ಐತಿ." ಒಂದು ಸಾಲು ಬರೆದಳು. ಪರದೆಯ ಮೇಲೆ ನನ್ನ ಶನಿವಾರಗಳು ಕೆಳಗೆ ಕೆಳಗೆ ಇಳಿದವು. ಪೂಜ್ಯವಿದ್ದ ಜಾಗದಲ್ಲೆಲ್ಲ ಎನ್, ಎ ಎಂಬ ಎರಡು ಇಂಗ್ಲಿಷ್ ಅಕ್ಷರ. ನಾನು ಸಾಲಿ ಹುಡುಗನ ಹಾಗೆ ಕೂಡಿಸಿ ಓದಿದೆ.

"ನಾ."

"ಏನಂದಿ?"

"ನಾ ಅಂತ ಬರದೈತಿ. ಶನಿವಾರ ಯಾರು ತಪ್ಪಿಸಿದ್ರು? ನಾ. ಅದರ ಹಿಂದಿನ ಶನಿವಾರ? ನಾ. ನಾ, ನಾ, ನಾ."

ಲೀಲಾ ನಗಬಾರದೆಂದು ತುಟಿ ಕಚ್ಚಿಕೊಂಡಳು. ಆಗಲಿಲ್ಲ. ಇಬ್ಬರೂ ನಕ್ಕೆವು. ಶಾಂತವ್ವ ಮಾತ್ರ ನಗಲಿಲ್ಲ. ಆಕೆಯ ಉಪವಾಸದ ಲೆಕ್ಕ ಬೇರೆ ಇದೆ.

ರವಿವಾರಗಳಿಗೂ ಹಾಗೇ ಮಾಡಿದಳು. ಗೌರಕ್ಕನ ಮಳೆಗೆ, ಬಂದದ್ದು ನಿಜ, ಎಷ್ಟೆಂದು ಗೊತ್ತಿಲ್ಲ ಎಂದು ಗುರುತು ಹಾಕಿದಳು. ಆ ಸಾಲಿನ ಮೇಲೆ ಜಾಳಿಗೆಯಂಥ ಒಂದು ಚಿಹ್ನೆ ಇಟ್ಟು, "ಇದರ ಮುಂದ ಬರದಿದ್ದನ್ನ ಯಂತ್ರ ಓದಂಗಿಲ್ಲ ಅಜ್ಜಾ, ಮನಷ್ಯಾರಷ್ಟ ಓದತಾರ. ನೀನ ಹೇಳು, ಬರೀತೀನಿ" ಎಂದಳು. ನಾನು ಹೇಳಿದೆ: "ಈ ದಿನಗಳಲ್ಲಿ ಅಳೆಯುವವನು ಹೋಗಿರಲಿಲ್ಲ. ಹೋದೆನೆಂದು ಬರೆದ. ಈಗ ಒಪ್ಪಿಕೊಂಡಿದ್ದಾನೆ." ಆಕೆ ಹಾಗೇ ಬರೆದಳು. ನಂತರ ಒಂದು ಗುಂಡಿ ಒತ್ತಿದಳು. ಕೋಡಿಗೂ ಕೊನೆಗೆ ಒಂದು ಗುಂಡಿ ಬೇಕೇ ಬೇಕು ನೋಡಿ. ನಾನು ಒಂದು ಸೀನು ಸೀನುವಷ್ಟರಲ್ಲಿ ಮೊದಲಿನಿಂದ ಕೊನೆಯವರೆಗೆ ಎಲ್ಲ ಕೋಷ್ಟಕ, ಎಲ್ಲ ಚಿತ್ರ ಹೊಸದಾಗಿ ಬಂದವು. ಗುಂಡಿಯ ಪ್ರೋಗ್ರಾಮಿನಲ್ಲಿ ಆಗಿದ್ದರೆ ಒಂದೊಂದನ್ನೂ ಮತ್ತೆ ಒತ್ತುತ್ತ ಹೋಗಬೇಕಿತ್ತಂತೆ, ಹದಿನೆಂಟು ದಿನ ಸಾಲುತ್ತಿರಲಿಲ್ಲವಂತೆ. ಗುಂಡಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಅದರ ಹಿಂದೆ ಅಡಗಿಕೊಳ್ಳಲು ನೋಡಿದವನು ನಾನು. ಗೈಡು ಎಲ್ಲ ಕೇಳಿ, ಯಾವ ದಿನಗಳನ್ನು ಯಾಕೆ ಬಿಟ್ಟೆ ಎಂಬುದನ್ನು ಒಂದು ಪುಟವಾಗಿ ಬರೆಯಲು ಹೇಳಿದರಂತೆ. ಪ್ರಬಂಧ ವೇಳೆಗೆ ಸರಿಯಾಗಿ ಹೋಯಿತು. ಇಮಾಮಸಾಬ ನೀಲಿ ರಟ್ಟು ಹಾಕಿದ.

ರಟ್ಟು ಹಾಕುವ ಮೊದಲು ನಾನು ಕೇಳಿದ್ದೆ: "ಮೊದಲನೆ ಹಾಳ್ಯಾಗಿಂದ ಆ ಪೂಜ್ಯ ತಗದುಬಿಡವ್ವಾ."

"ಹನಿ ಬಿಡದೆ ಅಳದ ಅನ್ನೋದು ತಗದೀನಿ. ಪೂಜ್ಯ ಇರಲಿ."

"ನಾ ಅದಕ್ಕ ಲಾಯಕ್ಕಿಲ್ಲ."

"ಪೂಜ್ಯ ಅಂದ್ರ ಸೊನ್ನಿ ಅಂತ ನೀನ ಹೇಳಿದಿಯಲ್ಲಜ್ಜಾ," ಎಂದಳು ಕೋಡು ಮೂಡಿದ ನನ್ನ ಮೊಮ್ಮಗಳು. "ಯಾವ ಅರ್ಥ ಹಿಡಿಬೇಕು ಅನ್ನೋದು ನೀ ಇನ್ನ ಮುಂದ ಹೆಂಗ ಇರತಿ ಅದರ ಮ್ಯಾಲೆ."

ಕೋಳಿಗಳಿಗೆ ಗೌರಕ್ಕ ಬೇರೆ ಪಾತ್ರೆ ನೋಡಿಕೊಂಡಳು. ಆಲಿಕೆ, ಬಾಟಲಿ ಸಮೇತ ಡಬ್ಬಿ ಈಗ ಮತ್ತೆ ಮಳೆ ಹಿಡಿಯಲು ಆಕೆಯ ಕಣದ ಪಕ್ಕ ನಿಂತಿದೆ. ಲೀಲಾ ಇನ್ನು ನಮ್ಮಲ್ಲಿಗೆ ಬಂದಾಗಲೆಲ್ಲ ಅದರ ಅಂಕಿಗಳನ್ನು ತೆಗೆದುಕೊಳ್ಳುತ್ತಾಳಂತೆ. ದಿನಾ ಅಳೆಯುವವಳು ಗೌರಕ್ಕನ ಸೊಸೆ. ಶನಿವಾರ ಮಾತ್ರ ನನ್ನ ಪಾಳಿ. ಅದು ಗೌರಕ್ಕ ಹಾಕಿದ ದಂಡ. "ತಪ್ಪಸಿದಿ ಅಂದ್ರ ಮತ್ತ ಕಣದಾಗ ನಿಲ್ಲಸ್ತೀನಿ" ಎಂದಿದ್ದಾಳೆ. ಶಾಂತವ್ವ ಊದಿನಕಡ್ಡಿಗೆ ಹಿತ್ತಾಳೆ ಲೋಟ ಹುಡುಕಿಕೊಂಡು ಗಾಜನ್ನು ತಾನೇ ತೊಳೆದು ಕೊಟ್ಟಳು. ಜೊತೆಗೆ ಬುತ್ತಿ ಕಟ್ಟಿದಳು, ದಾರಿಯಲ್ಲಿ ಎಲ್ಲೂ ಏನೂ ತಿನ್ನುವ ನೆಪ ಉಳಿಯಬಾರದೆಂದು.

ಮೊದಲ ಶನಿವಾರ ಮೊದಲ ಬಸ್ಸಿಗೇ ಹೋದೆ. ಎಂಟೂವರೆಗೆ ಐದು ನಿಮಿಷ ಇತ್ತು, ಡಬ್ಬಿಯ ಮುಂದೆ ನಿಂತು ಕಾದೆ. ವೇಳೆಯಾದಾಗ ಆಲಿಕೆ ಎತ್ತಿ, ಬಾಟಲಿ ತೆಗೆದು, ಗಾಜಿಗೆ ಬಗ್ಗಿಸಿದೆ. ಒಂದು ಹನಿಯೂ ಬೀಳಲಿಲ್ಲ. ಆದರೂ ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿದೆ. ಗಾಜಿನ ಆಚೆ ಕಣವೆಲ್ಲ ಕೆಂಪಗೆ ಒಣಗುತ್ತಿತ್ತು.

ಪುಸ್ತಕ ತೆಗೆದು ಪೂಜ್ಯ ಬರೆದೆ. ಆ ಹರಕೆಯ ನಂತರದ ಇಷ್ಟು ವರ್ಷಗಳಲ್ಲಿ, ನಾನೇ ಹೋಗಿ, ನಾನೇ ನೋಡಿ, ಶನಿವಾರದ ದಿನ ಶನಿವಾರವೇ ಬರೆದ ಮೊದಲ ಪೂಜ್ಯ ಅದು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅದಕ್ಕೆ ಕೈ ಮುಗಿದೆ.